ತೋಟದ ಮನೆಯ ಫ್ರಿಜ್‌ಗೆ ಬ್ಯಾಟರಿ ಪೆಟ್ಟಿಗೆ: ಲೆಕ್ಕದಿಂದ ಜೋಡಣೆಯವರೆಗೆ

ಬ್ಯಾಟರಿಯಲ್ಲಿ ಇನ್ನೂ 71 ಪರ್ಸೆಂಟ್ ಇತ್ತು. ಫ್ರಿಜ್ ಮಾತ್ರ ಬೆಚ್ಚಗಾಗಿತ್ತು.

ಪಾಂಡವಪುರದ ಕಡೆ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನಮ್ಮದೊಂದು ತೋಟದ ಮನೆ ಇದೆ. ಊರಿನಿಂದ ಎರಡು ಕಿಲೋಮೀಟರ್ ಒಳಗೆ. ಪಂಪ್‌ಸೆಟ್‌ಗೆ ಲೈನ್ ಇದೆ, ಮನೆಗೆ ಮೀಟರ್ ಇಲ್ಲ. ಹಸು ಬಿಟ್ಟು ಊರೊಳಗೆ ಬರಲು ಅವ್ವ ಒಪ್ಪುವುದಿಲ್ಲ. ಅವ್ವನಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಬೇಕು. ಅದಕ್ಕೇ ಅಲ್ಲಿಗೊಂದು ಸಿಂಗಲ್ ಡೋರ್ ಫ್ರಿಜ್, ಅದನ್ನು ಓಡಿಸಲು ಮೈಸೂರಿನಿಂದ ಒಂದು ಪೋರ್ಟಬಲ್ ಪವರ್ ಸ್ಟೇಷನ್ ತಂದೆವು. ಹಿಡಿಕೆ ಇರುವ ಬ್ಯಾಟರಿ ಪೆಟ್ಟಿಗೆ ಅದು. ಒಳಗೆ ಬ್ಯಾಟರಿ, ಇನ್ವರ್ಟರ್, ಚಾರ್ಜರ್ ಎಲ್ಲ ಒಟ್ಟಿಗೆ ಇರುತ್ತವೆ. ಮುಂದೆ ಮಾಮೂಲಿ ತ್ರೀ ಪಿನ್ ಸಾಕೆಟ್.

ಮೊದಲ ವಾರವೇ ಬೆಳಗ್ಗೆ ಆರು ಗಂಟೆಗೆ ಅವ್ವನ ಫೋನ್. "ಹಾಲು ಒಡ್ದೋಗದೆ ಕಣಪ್ಪ. ಪೆಟ್ಗೆ ಮ್ಯಾಲೆ ಲೈಟೇ ಇಲ್ಲ." ಹೋಗಿ ಬಟನ್ ಒತ್ತಿದೆ. ಪರದೆ ಹೊತ್ತಿಕೊಂಡು 71 ತೋರಿಸಿತು. ಚಾರ್ಜ್ ಮುಗಿದಿರಲಿಲ್ಲ, ಪೆಟ್ಟಿಗೆ ತಾನೇ ಆಫ್ ಆಗಿತ್ತು. ಯಾಕೆ ಅಂತ ಮುಂದೆ ಹೇಳುತ್ತೇನೆ. ಅವತ್ತಿನಿಂದ ಒಂದು ವರ್ಷ ಬರೆದಿಟ್ಟ ಲೆಕ್ಕ, ಬದಲಾಯಿಸಿದ ವೈರು, ಮಾಡಿದ ತಪ್ಪು ಎಲ್ಲ ಸೇರಿ ಈ ಲೇಖನ. ಗದ್ದೆ ಬಯಲಿನಲ್ಲಿ, ತೋಟದಲ್ಲಿ, ಕರೆಂಟು ಸರಿಯಾಗಿ ನಿಲ್ಲದ ಕಡೆ ಫ್ರಿಜ್ ಇಡಬೇಕು ಅನ್ನುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಮೊದಲ ಹೆಜ್ಜೆ: ಅಂಗಡಿಗೆ ಹೋಗುವ ಮೊದಲು ಫ್ರಿಜ್ ಅಳೆಯಿರಿ

ಎಲ್ಲರೂ ಮೊದಲು ಕೇಳುವುದು "ಎಷ್ಟು ದೊಡ್ಡ ಬ್ಯಾಟರಿ ಬೇಕು?" ಅಂತ. ಅದಕ್ಕೆ ಉತ್ತರ ಇರುವುದು ನಿಮ್ಮ ಫ್ರಿಜ್‌ನಲ್ಲಿ. ಫ್ರಿಜ್ ಮೇಲಿನ ಸ್ಟಾರ್ ಲೇಬಲ್ ನೋಡಿ. ವರ್ಷಕ್ಕೆ ಎಷ್ಟು ಯೂನಿಟ್ ಅಂತ ಅದರಲ್ಲಿ ಬರೆದಿರುತ್ತಾರೆ. ನಮ್ಮದರಲ್ಲಿ 183 ಇತ್ತು. 365ರಿಂದ ಭಾಗಿಸಿದರೆ ದಿನಕ್ಕೆ ಅರ್ಧ ಯೂನಿಟ್. ಒಂದು ಯೂನಿಟ್ ಅಂದರೆ 1000 ವ್ಯಾಟ್-ಅವರ್. ಅಲ್ಲಿಗೆ ದಿನಕ್ಕೆ 500 ವ್ಯಾಟ್-ಅವರ್ ಆಯಿತು.

ಆದರೆ ಆ ಲೆಕ್ಕ ಪರೀಕ್ಷಾ ಕೋಣೆಯದು. ಶೀಟ್ ಹಾಕಿದ ಮನೆ, ಏಪ್ರಿಲ್ ಬಿಸಿಲು, ದಿನಕ್ಕೆ ಹದಿನೈದು ಸಲ ತೆಗೆಯುವ ಬಾಗಿಲು, ಆಗ ತಾನೇ ಕಾಯಿಸಿದ ಹಾಲಿನ ಪಾತ್ರೆ, ಇವು ಯಾವುದೂ ಅದರಲ್ಲಿಲ್ಲ. ಪ್ಲಗ್‌ಗೂ ಸಾಕೆಟ್‌ಗೂ ನಡುವೆ ಸಿಕ್ಕಿಸುವ ಚಿಕ್ಕ ಎನರ್ಜಿ ಮೀಟರ್ ಸಿಗುತ್ತದೆ. ಸಾವಿರ ರೂಪಾಯಿ ಆಸುಪಾಸಿನ ಸಾಮಾನು. ಅದನ್ನು ಹಾಕಿ ಪೂರ್ತಿ 24 ಗಂಟೆ ಫ್ರಿಜ್ ಓಡಿಸಿ, ಎಷ್ಟು ಯೂನಿಟ್ ಆಯಿತು ಅಂತ ಬರೆದುಕೊಳ್ಳಿ. ಕರೆಂಟು ಇರುವ ಮನೆಯಲ್ಲೇ ಅಳೆದರೂ ಪರವಾಗಿಲ್ಲ, ಬೇಸಿಗೆಯಲ್ಲಿ ಅಳೆಯಿರಿ. ನಮ್ಮ 500ರ ಫ್ರಿಜ್ ಏಪ್ರಿಲ್‌ನಲ್ಲಿ 820 ತಿಂದಿತು. ಡಿಸೆಂಬರ್‌ನಲ್ಲಿ 560.

ಅದೇ ಮೀಟರಿನಲ್ಲಿ ಇನ್ನೊಂದನ್ನೂ ನೋಡಿ. ಕಂಪ್ರೆಸರ್ ಓಡುವಾಗ ಎಷ್ಟು ವ್ಯಾಟ್? ಸಿಂಗಲ್ ಡೋರ್ ಫ್ರಿಜ್ ಆದರೆ ಹೆಚ್ಚುಕಡಿಮೆ 80ರಿಂದ 120 ಬರುತ್ತದೆ. ಅದು ಸದಾ ಓಡುವುದಿಲ್ಲ, ತಂಪಾದ ಕೂಡಲೇ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಅದಕ್ಕೇ 100 ವ್ಯಾಟ್ ಫ್ರಿಜ್ 24 ಗಂಟೆಗೆ 2400 ತಿನ್ನುವುದಿಲ್ಲ.

ಡಬಲ್ ಡೋರ್, ಫ್ರಾಸ್ಟ್ ಫ್ರೀ ಇರುವವರು ಒಂದು ವಿಷಯ ಗಮನಿಸಬೇಕು. ಅದರೊಳಗೆ ಐಸ್ ಕರಗಿಸುವ ಹೀಟರ್ ಇರುತ್ತದೆ. ಆಗಾಗ 150ರಿಂದ 300 ವ್ಯಾಟ್ ಎಳೆಯುತ್ತದೆ. ಬ್ಯಾಟರಿಯಲ್ಲಿ ಓಡಿಸುವುದಾದರೆ ಸಿಂಗಲ್ ಡೋರ್ ಫ್ರಿಜ್ಜೇ ಒಳ್ಳೆಯದು. ಐಸ್ ಕಟ್ಟಿದಾಗ ಕೈಯಲ್ಲಿ ಬಟನ್ ಒತ್ತಿ ಕರಗಿಸಿಕೊಂಡರಾಯಿತು.

ಹಾಗೇ ಬಾಗಿಲಿನ ರಬ್ಬರನ್ನೂ ನೋಡಿ. ಒಂದು ಹಾಳೆಯನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಈಚೆ ಬಂದರೆ ಅಲ್ಲಿ ತಂಪು ಸೋರುತ್ತಿದೆ ಅಂತ ಅರ್ಥ. ನಮ್ಮದರಲ್ಲಿ ಕೆಳಗಿನ ಮೂಲೆಯಲ್ಲಿ ಹಾಳೆ ಜಾರಿ ಬಂತು. ರಬ್ಬರನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ, ಕೈಯಿಂದ ಎಳೆದು ಕೂರಿಸಿದ ಮೇಲೆ ಸರಿಹೋಯಿತು. ಫ್ರಿಜ್ ಹಿಂದೆ ಗೋಡೆಗೆ ಒಂದು ಗೇಣಿನಷ್ಟು ಜಾಗ ಬಿಡಿ, ಒಲೆಯಿಂದ ದೂರ ಇಡಿ. ದೊಡ್ಡ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಈ ಬಿಟ್ಟಿ ಕೆಲಸಗಳನ್ನು ಮುಗಿಸಿಕೊಳ್ಳಿ.

ಎರಡನೇ ಹೆಜ್ಜೆ: ಪೆಟ್ಟಿಗೆಯ ಅಳತೆ

ಡಬ್ಬದ ಮೇಲೆ ಎರಡು ಸಂಖ್ಯೆ ಇರುತ್ತವೆ, ಜನ ಎರಡನ್ನೂ ಬೆರೆಸಿ ಮೋಸ ಹೋಗುತ್ತಾರೆ. ವ್ಯಾಟ್ ಅಂದರೆ ಒಂದೇ ಸಲಕ್ಕೆ ಎಷ್ಟು ಭಾರ ಎತ್ತಬಲ್ಲದು ಅಂತ. ವ್ಯಾಟ್-ಅವರ್ ಅಂದರೆ ಒಟ್ಟು ಎಷ್ಟು ತುಂಬಿಕೊಂಡಿದೆ ಅಂತ. ಎಂಎಎಚ್ ಸಂಖ್ಯೆ ದೊಡ್ಡದು ಅಂತ ಮರುಳಾಗಬೇಡಿ. 20,000 ಎಂಎಎಚ್ ಮೊಬೈಲ್ ಪವರ್ ಬ್ಯಾಂಕ್ ಅಂದರೆ 20 ಎಎಚ್ (ಆಂಪ್-ಅವರ್), ಒಳಗಿನ ಸೆಲ್ 3.7 ವೋಲ್ಟ್. ಗುಣಿಸಿ ನೋಡಿ, 74 ವ್ಯಾಟ್-ಅವರ್. ಫ್ರಿಜ್‌ಗೆ ಅದು ಎರಡು ಗಂಟೆಗೂ ಸಾಲದು.

ಅಂಗಡಿಯವರು ಹೇಳದ ಖರ್ಚೊಂದಿದೆ. ಪೆಟ್ಟಿಗೆಯ ಇನ್ವರ್ಟರ್ ಆನ್ ಇದ್ದಷ್ಟು ಹೊತ್ತು, ಏನೂ ಓಡದಿದ್ದರೂ, ತಾನೇ ಒಂದಿಷ್ಟು ಕರೆಂಟು ತಿನ್ನುತ್ತಿರುತ್ತದೆ. ನಮ್ಮದು 12 ವ್ಯಾಟ್ ತಿನ್ನುತ್ತದೆ. 12 ಅಂದರೆ ಸಣ್ಣ ಎಲ್‌ಇಡಿ ಬಲ್ಬು, ಅಷ್ಟೇ ತಾನೆ ಅನ್ನಿಸುತ್ತದೆ. ಆದರೆ 24 ಗಂಟೆಗೆ ಅದು 288 ವ್ಯಾಟ್-ಅವರ್! ಜೊತೆಗೆ ಬ್ಯಾಟರಿಯ ಡಿಸಿ ಕರೆಂಟನ್ನು ಮನೆಯಲ್ಲಿ ಬಳಸುವ 230 ವೋಲ್ಟ್ ಎಸಿ ಕರೆಂಟು ಮಾಡುವಾಗ ಹತ್ತನೇ ಒಂದು ಪಾಲು ಶಾಖವಾಗಿ ಹೋಗುತ್ತದೆ.

ಹಾಗಾಗಿ ಲೆಕ್ಕ ಹೀಗೆ ಹಾಕಿ. ಫ್ರಿಜ್‌ನ ದಿನದ ಖರ್ಚನ್ನು 0.9ರಿಂದ ಭಾಗಿಸಿ. ಅದಕ್ಕೆ ಪೆಟ್ಟಿಗೆಯ ಸ್ವಂತ ಖರ್ಚು ಸೇರಿಸಿ. ನಮ್ಮ ಏಪ್ರಿಲ್ ಲೆಕ್ಕ: 820 ಭಾಗಿಸು 0.9 ಅಂದರೆ 911. ಅದಕ್ಕೆ 288 ಸೇರಿಸಿದರೆ ಸುಮಾರು 1200. ಗಂಟೆಗೆ 50 ವ್ಯಾಟ್-ಅವರ್ ಅಂತ ನೆನಪಿಟ್ಟುಕೊಂಡರೆ ಸುಲಭ. ನಮ್ಮ ಪೆಟ್ಟಿಗೆ 1024 ವ್ಯಾಟ್-ಅವರ್‌ನದು. ಪೂರ್ತಿ ತುಂಬಿದ್ದರೆ 20 ಗಂಟೆ ಬರುತ್ತದೆ, ಒಂದು ಪೂರ್ತಿ ದಿನ ಬರುವುದಿಲ್ಲ. ಹಗಲು ಸೋಲಾರ್ ಇದ್ದರೆ ಅಷ್ಟೇ ಸಾಕು. ಯಾಕೆಂದರೆ ಬಿಸಿಲಿರುವಾಗ ಫ್ರಿಜ್ ಓಡುವುದು ಪ್ಯಾನಲ್ಲಿನಿಂದ. ಬ್ಯಾಟರಿ ಹೊರಬೇಕಾದದ್ದು ಸಂಜೆ ನಾಲ್ಕರಿಂದ ಬೆಳಗ್ಗೆ ಎಂಟರವರೆಗೆ, 16 ಗಂಟೆ, 800 ವ್ಯಾಟ್-ಅವರ್.

ಇನ್ನು ವ್ಯಾಟ್. ಮಾಮೂಲಿ ಕಂಪ್ರೆಸರ್ ಹೊರಡುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು, ಕೆಲವು ಸಲ ಇನ್ನೂ ಜಾಸ್ತಿ ಎಳೆಯುತ್ತದೆ. ಅರ್ಧ ಸೆಕೆಂಡಿನ ಕೆಲಸ. ಆದರೆ 300 ವ್ಯಾಟ್ ಪೆಟ್ಟಿಗೆ ಆ ಅರ್ಧ ಸೆಕೆಂಡಿನಲ್ಲೇ ಕೈಚೆಲ್ಲಿ ಟ್ರಿಪ್ ಆಗುತ್ತದೆ. ಹಳೆ ಫ್ರಿಜ್‌ಗೆ 1000 ವ್ಯಾಟ್ ಸದಾ ಕೊಡಬಲ್ಲ ಪೆಟ್ಟಿಗೆ ತೆಗೆದುಕೊಳ್ಳಿ. ಇನ್ವರ್ಟರ್ ಕಂಪ್ರೆಸರ್ (ತನ್ನ ವೇಗ ತಾನೇ ಹೆಚ್ಚುಕಡಿಮೆ ಮಾಡಿಕೊಳ್ಳುವಂಥದ್ದು) ಇರುವ ಫ್ರಿಜ್ ನಿಧಾನವಾಗಿ ಹೊರಡುತ್ತದೆ, ಅದಕ್ಕೆ 500 ವ್ಯಾಟ್ ಪೆಟ್ಟಿಗೆಯೂ ಸಾಮಾನ್ಯವಾಗಿ ಸಾಕಾಗುತ್ತದೆ. ಅಂಗಡಿಯಲ್ಲಿ ಯಾವುದಾದರೂ ಫ್ರಿಜ್‌ಗೆ ಸಿಕ್ಕಿಸಿ ತೋರಿಸಿ ಅಂತ ಕೇಳಿ. ನಾಚಿಕೆ ಬೇಡ, ನಿಮ್ಮ ದುಡ್ಡು.

ಕೊಳ್ಳುವಾಗ ಕೇಳಬೇಕಾದ ಮಾತು ಇನ್ನೂ ಮೂರ್ನಾಲ್ಕಿವೆ. ಔಟ್‌ಪುಟ್ ಪ್ಯೂರ್ ಸೈನ್ ವೇವ್, ಅಂದರೆ ಮನೆ ಕರೆಂಟಿನಂತೆ ನಯವಾದ ಅಲೆ ಇರಬೇಕು. ಸ್ಕ್ವೇರ್ ವೇವ್‌ನಲ್ಲಿ ಕಂಪ್ರೆಸರ್ ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ, ಆಯಸ್ಸು ಕಳೆದುಕೊಳ್ಳುತ್ತದೆ. ಸೆಲ್ ಲಿಥಿಯಂ ಐರನ್ ಫಾಸ್ಫೇಟ್ ಆಗಿರಲಿ. ಸಾವಿರಾರು ಸಲ ಚಾರ್ಜ್ ಆಗಿ ಖಾಲಿಯಾದರೂ ತಡೆಯುತ್ತದೆ, ಬಿಸಿಗೆ ಬೆಂಕಿ ಹತ್ತುವ ಭಯ ಬೇರೆ ಲಿಥಿಯಂ ಸೆಲ್‌ಗಳಿಗಿಂತ ಕಡಿಮೆ. ಬಿಐಎಸ್ ಗುರುತು ಇದೆಯಾ ನೋಡಿ. ಆಟೋ ಆಫ್ ಅನ್ನು ಪೂರ್ತಿ ನಿಲ್ಲಿಸಲು ಆಗುತ್ತದಾ ಅಂತ ಕೇಳಿ. ಈ ಕೊನೆಯ ಪ್ರಶ್ನೆಗೆ "ಇಲ್ಲ" ಅಂದರೆ ಆ ಪೆಟ್ಟಿಗೆ ಫ್ರಿಜ್‌ಗೆ ಬೇಡ.

ಮನೆಯಲ್ಲಿ ಈಗಾಗಲೇ ಯುಪಿಎಸ್, 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಇದ್ದವರು ಮೊದಲು ಅದನ್ನೇ ಪರೀಕ್ಷಿಸಿ. 12 ವೋಲ್ಟ್ ಗುಣಿಸು 150 ಅಂದರೆ 1800. ಆದರೆ ಇಂಥ ಲೆಡ್ ಆಸಿಡ್ ಬ್ಯಾಟರಿಯನ್ನು ದಿನಾ ಅರ್ಧಕ್ಕಿಂತ ಜಾಸ್ತಿ ಇಳಿಸಿದರೆ ಬೇಗ ಹಾಳಾಗುತ್ತದೆ, ಹಾಗಾಗಿ ಕೈಗೆ ಸಿಗುವುದು 900. ತೂಕ 50 ಕಿಲೋ ಮೇಲೆ, ತುಂಬಲು ಹತ್ತು ಹನ್ನೆರಡು ಗಂಟೆ. ಒಂದೇ ಕಡೆ ಇಡುವುದಾದರೆ ಒಳ್ಳೆಯದೇ. ನಮಗೆ ಹೊತ್ತೊಯ್ಯುವುದು ಬೇಕಿತ್ತು. ನಮ್ಮ ಪೆಟ್ಟಿಗೆ 12 ಕಿಲೋ, ಸ್ಕೂಟರಿನ ಕಾಲಿಡುವ ಜಾಗದಲ್ಲಿ ಸರಿಯಾಗಿ ಕೂರುತ್ತದೆ.

ಫ್ರಿಜ್ ಕೂಡ ಹೊಸದಾಗಿ ಕೊಳ್ಳುವವರಿಗೆ ಒಂದು ಮಾತು

ಇನ್ನೂ ಫ್ರಿಜ್ ತಂದಿಲ್ಲ ಅನ್ನುವವರು 12 ವೋಲ್ಟ್ ಡಿಸಿ ಫ್ರಿಜ್ ಬಗ್ಗೆ ಯೋಚಿಸಿ. ಕಂಪ್ರೆಸರ್ 40ರಿಂದ 60 ವ್ಯಾಟ್, ಇನ್ವರ್ಟರ್ ಬೇಕಿಲ್ಲ, ಆ 288ರ ಬಹುಪಾಲು ಉಳಿಯುತ್ತದೆ. ಮೇಲಿನಿಂದ ತೆಗೆಯುವ ಪೆಟ್ಟಿಗೆ ಆಕಾರದ್ದಾದರೆ ಇನ್ನೂ ಒಳ್ಳೆಯದು. ತಣ್ಣನೆ ಗಾಳಿ ಭಾರ, ಮುಚ್ಚಳ ತೆಗೆದರೂ ಕೆಳಗೇ ನಿಲ್ಲುತ್ತದೆ.

ಎರಡು ಎಚ್ಚರಿಕೆ. ಕಾರ್ ಫ್ರಿಜ್ ಅಂತ ಕಡಿಮೆ ಬೆಲೆಗೆ ಮಾರುವ ಕೆಲವದರಲ್ಲಿ ಕಂಪ್ರೆಸರ್ ಇರುವುದೇ ಇಲ್ಲ. ಥರ್ಮೋ ಎಲೆಕ್ಟ್ರಿಕ್ ಅಂತ ಬರೆದಿರುತ್ತಾರೆ. ಹೊರಗಿನ ಬಿಸಿಗಿಂತ 15-20 ಡಿಗ್ರಿ ಮಾತ್ರ ಇಳಿಸುತ್ತವೆ. ಮಂಡ್ಯದ 36 ಡಿಗ್ರಿಯಲ್ಲಿ ಒಳಗೆ 16ಕ್ಕಿಂತ ಕೆಳಗೆ ಹೋಗುವುದಿಲ್ಲ, ಹಾಲಿಗೂ ಔಷಧಿಗೂ ಅದು ಆಗದು.

ಇನ್ನೊಂದು ವೈರಿನದು. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ, ಸುಮಾರು 150 ಕಿಲೋಮೀಟರ್ ದೂರ ಕರೆಂಟು ಕಳಿಸಿದರು. ವೋಲ್ಟೇಜನ್ನು ಸಾವಿರಾರು ವೋಲ್ಟ್‌ಗೆ ಏರಿಸಿದ್ದರಿಂದ ಅದು ಸಾಧ್ಯವಾಯಿತು. 12 ವೋಲ್ಟ್‌ನಲ್ಲಿ ಹಿತ್ತಲ ತುದಿಗೂ ಕಳಿಸಲು ಆಗುವುದಿಲ್ಲ. 60 ವ್ಯಾಟ್ ಅಂದರೆ 5 ಆಂಪ್ಸ್. ಒಂದೂವರೆ ಎಂಎಂ ತಾಮ್ರದ ವೈರನ್ನು 10 ಮೀಟರ್ ಎಳೆದರೆ ಹೋಗಿ ಬರುವ ದಾರಿಯಲ್ಲೇ 1.2 ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿ ಸ್ವಲ್ಪ ಇಳಿದಿದ್ದರೆ ಫ್ರಿಜ್ ಹೊರಡುವುದೇ ಇಲ್ಲ. ಪೆಟ್ಟಿಗೆಯನ್ನು ಫ್ರಿಜ್ ಪಕ್ಕದಲ್ಲೇ ಇಡಿ. ಆಗದಿದ್ದರೆ ನಾಲ್ಕು ಎಂಎಂ ವೈರ್ ಹಾಕಿಸಿ.

ಮೂರನೇ ಹೆಜ್ಜೆ: ಜೋಡಿಸುವುದು

ಪೆಟ್ಟಿಗೆಯನ್ನು ಮನೆಯ ತಂಪಾದ ಮೂಲೆಯಲ್ಲಿ, ನೆಲದಿಂದ ಸ್ವಲ್ಪ ಎತ್ತರದ ಹಲಗೆಯ ಮೇಲೆ ಇಡಿ. ಫ್ರಿಜ್ ತಲೆಯ ಮೇಲೆ ಬೇಡ, ಬಿಸಿಲಿನಲ್ಲಿ ಪ್ಯಾನಲ್ ಪಕ್ಕದಲ್ಲಂತೂ ಖಂಡಿತ ಬೇಡ. ಸೆಲ್ 45 ಡಿಗ್ರಿ ಮುಟ್ಟಿದರೆ ಬಹಳಷ್ಟು ಪೆಟ್ಟಿಗೆಗಳು ಚಾರ್ಜ್ ಆಗುವುದನ್ನೇ ನಿಲ್ಲಿಸುತ್ತವೆ. ಏಪ್ರಿಲ್ ಮಧ್ಯಾಹ್ನ ಶೀಟ್ ಮನೆಯೊಳಗೆ ಅದೇನು ದೂರ ಇಲ್ಲ. ಫ್ಯಾನ್ ಇರುವ ಪಕ್ಕಕ್ಕೆ ಮೇವು, ಗೋಣಿಚೀಲ ಒತ್ತದಂತೆ ನೋಡಿಕೊಳ್ಳಿ.

ಫ್ರಿಜ್ ಪ್ಲಗ್ಗನ್ನು ನೇರ ಪೆಟ್ಟಿಗೆಯ ಸಾಕೆಟ್‌ಗೇ ಹಾಕಿ. ಮಧ್ಯೆ ಸ್ಟೆಬಿಲೈಜರ್ ಬೇಡ. ಪೆಟ್ಟಿಗೆ ಕೊಡುವ ವೋಲ್ಟೇಜ್ ಏರಿಳಿಯುವುದಿಲ್ಲ, ಸ್ಟೆಬಿಲೈಜರ್ ಸುಮ್ನೆ ಒಂದಿಷ್ಟು ಕರೆಂಟು ತಿನ್ನುತ್ತದೆ ಅಷ್ಟೇ.

ಈಗ ಆ 71 ಪರ್ಸೆಂಟಿನ ಕಥೆ. ಬಹುತೇಕ ಪೆಟ್ಟಿಗೆಗಳಲ್ಲಿ ಇಕೋ ಮೋಡ್ ಅಂತ ಇರುತ್ತದೆ. ಯಾರೂ ಕರೆಂಟು ಎಳೆಯುತ್ತಿಲ್ಲ ಅನ್ನಿಸಿದರೆ, ಸ್ವಲ್ಪ ಹೊತ್ತು ಕಾದು ಸಾಕೆಟ್ ಆಫ್ ಮಾಡುತ್ತದೆ. ಮೊಬೈಲ್, ಲ್ಯಾಪ್‌ಟಾಪ್‌ಗೆ ಅದು ಒಳ್ಳೆಯದು. ಫ್ರಿಜ್ ಹಾಗಲ್ಲ ನೋಡಿ. ಒಳಗೆ ತಂಪಾದಾಗ ಕಂಪ್ರೆಸರ್ ನಿಲ್ಲುತ್ತದೆ, ಆಗ ಎಳೆತ ಸೊನ್ನೆ. ರಾತ್ರಿ ಬಾಗಿಲು ಯಾರೂ ತೆಗೆಯದೆ, ಹೊರಗೂ ತಣ್ಣಗಿದ್ದು, ಕಂಪ್ರೆಸರ್ ಅರ್ಧ ಗಂಟೆ ನಿಂತಿತು ಅನ್ನಿ. ಪೆಟ್ಟಿಗೆ "ಕೆಲಸ ಮುಗಿಯಿತು" ಅಂತ ಮಲಗಿಬಿಡುತ್ತದೆ. ಕಂಪ್ರೆಸರ್‌ಗೆ ಮತ್ತೆ ಏಳಲು ಕರೆಂಟೇ ಇಲ್ಲ. ನಮ್ಮಲ್ಲಿ ಆದದ್ದು ಇದೇ. ಮೊದಲ ಮೂರು ರಾತ್ರಿ ಸೆಖೆ ಇತ್ತು, ಕಂಪ್ರೆಸರ್ ಬೇಗ ಬೇಗ ಎದ್ದಿತು, ಏನೂ ಗೊತ್ತಾಗಲಿಲ್ಲ. ನಾಲ್ಕನೇ ರಾತ್ರಿ ಮಳೆ ಬಂದು ತಂಪಾಯಿತು. ಹಾಲು ಒಡೆಯಿತು.

ಪೆಟ್ಟಿಗೆಯ ಸೆಟ್ಟಿಂಗ್‌ನಲ್ಲೋ ಆ್ಯಪ್‌ನಲ್ಲೋ ಎಸಿ ಆಟೋ ಆಫ್ ಅಂತ ಇರುತ್ತದೆ. "ನೆವರ್" ಅಂತ ಇಡಿ. ಪರದೆಗೂ ಪೂರ್ತಿ ಪೆಟ್ಟಿಗೆಗೂ ಬೇರೆ ಬೇರೆ ಟೈಮರ್ ಇರುತ್ತವೆ, ಪರದೆಯದು ಇದ್ದರೆ ಇರಲಿ. ಆಮೇಲೆ ಪರೀಕ್ಷೆ ಮಾಡಿ. ಫ್ರಿಜ್ ಥರ್ಮೋಸ್ಟಾಟನ್ನು (ತಂಪು ಹೆಚ್ಚುಕಡಿಮೆ ಮಾಡುವ ಗುಂಡಿ) ಕಡಿಮೆ ತಂಪಿಗೆ ತಿರುಗಿಸಿ ಕಂಪ್ರೆಸರ್ ನಿಲ್ಲಿಸಿ, ಎರಡು ಗಂಟೆ ಬಿಟ್ಟು ಬನ್ನಿ. ಸಾಕೆಟ್ ಇನ್ನೂ ಜೀವಂತ ಇದ್ದರೆ ಸರಿ.

ಯಾವ ಕಾರಣಕ್ಕೂ ಮಾಡಬಾರದ್ದು ಒಂದು. ಎರಡೂ ಕಡೆ ಪ್ಲಗ್ ಇರುವ ವೈರ್ ಮಾಡಿಸಿ, ಪೆಟ್ಟಿಗೆಯ ಕರೆಂಟನ್ನು ಗೋಡೆ ಸಾಕೆಟ್‌ಗೆ ಕೊಟ್ಟು ಮನೆಯೆಲ್ಲ ಓಡಿಸುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ಲೈನಿಗೆ ಸೇರಿದ ಮನೆಯಲ್ಲಿ ಹೀಗೆ ಮಾಡಿದರೆ ಕರೆಂಟು ಹಿಂದಕ್ಕೆ ಹರಿದು ಕಂಬದವರೆಗೂ ಹೋಗಬಹುದು. ಲೈನ್ ಆಫ್ ಇದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಕುತ್ತು. ಪಂಪ್‌ಸೆಟ್ ಲೈನಿನಿಂದ ಕದ್ದು ಎಳೆಯುವುದೂ ಬೇಡ. ಅದು ತಪ್ಪು ಅನ್ನುವುದು ಹಾಗಿರಲಿ, ಅಲ್ಲಿಯ ವೋಲ್ಟೇಜ್ ಏರಿಳಿತ ಪೆಟ್ಟಿಗೆಯ ಚಾರ್ಜರನ್ನು ಸುಡಬಹುದು.

ನಾಲ್ಕನೇ ಹೆಜ್ಜೆ: ಸೋಲಾರ್

ನಮ್ಮ ಕಡೆ ಬೇಸಿಗೆಯಲ್ಲಿ ದಿನಕ್ಕೆ ಐದು ಗಂಟೆ ಗಟ್ಟಿ ಬಿಸಿಲು ಅಂತ ಲೆಕ್ಕ ಹಿಡಿಯಬಹುದು. 200 ವ್ಯಾಟಿನ ಎರಡು ಪ್ಯಾನಲ್, 400. ಗುಣಿಸು 5, ಅಂದರೆ 2000. ಬಿಸಿ, ಧೂಳು, ವೈರಿನ ನಷ್ಟ ಎಲ್ಲ ಕಳೆದು ನೂರಕ್ಕೆ 70 ಕೈಗೆ ಬಂದರೆ 1400. ನಮಗೆ ಬೇಕಾದದ್ದು 1200. ಬೇಸಿಗೆಗೆ ಸರಿಹೋಗುತ್ತದೆ. ಜುಲೈ-ಆಗಸ್ಟ್ ಮೋಡದಲ್ಲಿ ಅರ್ಧವೂ ಬರುವುದಿಲ್ಲ, ಅದಕ್ಕೆ ಬೇರೆ ದಾರಿ ಬೇಕು, ಹೇಳುತ್ತೇನೆ.

ಪ್ಯಾನಲ್ ಮುಖ ದಕ್ಷಿಣಕ್ಕೆ, ಓರೆ 12ರಿಂದ 15 ಡಿಗ್ರಿ. ತೆಂಗಿನ ತೋಟದವರಿಗೆ ಕಷ್ಟ ಇರುವುದು ನೆರಳಿನದು. ಒಂದು ಗರಿಯ ನೆರಳು ಪ್ಯಾನಲ್ ಮೇಲೆ ಅಡ್ಡ ಬಿದ್ದರೆ ಆ ಗರಿಯಷ್ಟೇ ಕಡಿಮೆಯಾಗುತ್ತದೆ ಅಂದುಕೊಳ್ಳುತ್ತೇವೆ. ಒಳಗೆ ಸೆಲ್‌ಗಳು ಸರಪಳಿಯಂತೆ ಒಂದಕ್ಕೊಂದು ಸೇರಿರುತ್ತವೆ. ಒಂದು ಕೊಂಡಿ ಸೋತರೆ ಅದರ ಸಾಲೇ ಸೋಲುತ್ತದೆ. ನಮ್ಮ ಪರದೆಯಲ್ಲಿ 290 ವ್ಯಾಟ್ ಬರುತ್ತಿದ್ದದ್ದು, ಮೂರು ಗಂಟೆಗೆ ಒಂದೇ ಮರದ ಗರಿ ಸರಿದು ಬಂದಾಗ 110ಕ್ಕೆ ಇಳಿಯುವುದನ್ನು ನಿಂತು ನೋಡಿದ್ದೇನೆ. ಪ್ಯಾನಲ್ ಕೂರಿಸುವ ಮೊದಲು ಒಂದು ರಜೆಯ ದಿನ ಬೆಳಗ್ಗೆ ಒಂಬತ್ತರಿಂದ ನಾಲ್ಕರವರೆಗೆ ನೆರಳು ಎಲ್ಲೆಲ್ಲಿ ಓಡಾಡುತ್ತದೆ ಅಂತ ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಿ. ಡಿಸೆಂಬರ್‌ನಲ್ಲಿ ನೆರಳು ಇನ್ನೂ ಉದ್ದ ಆಗುತ್ತದೆ, ಅದಕ್ಕೂ ಜಾಗ ಬಿಡಿ.

ಆಲೆಮನೆ ಹತ್ತಿರ ಇದ್ದರೆ ಮಸಿ. ಕಬ್ಬಿನ ತರಗು ಸುಡುವ ದಿನಗಳಲ್ಲಿ ಕಪ್ಪು ಚೂರುಗಳು ಹಾರಿ ಬಂದು ಪ್ಯಾನಲ್ ಮೇಲೆ ಕೂರುತ್ತವೆ. ಬೆಳಗ್ಗೆ ಗಾಜು ತಣ್ಣಗಿರುವಾಗ ಬರೀ ನೀರು, ಮೆತ್ತನೆ ಬಟ್ಟೆ ಸಾಕು. ಸುಡುವ ಗಾಜಿನ ಮೇಲೆ ಮಧ್ಯಾಹ್ನ ತಣ್ಣೀರು ಸುರಿಯಬೇಡಿ, ಒಡೆಯಬಹುದು.

ವೋಲ್ಟೇಜ್ ಮಿತಿ ಮಾತ್ರ ಎರಡು ಸಲ ನೋಡಿ. ಪೆಟ್ಟಿಗೆಯ ಸೋಲಾರ್ ಇನ್‌ಪುಟ್ 60 ವೋಲ್ಟ್ ಅಂತ ಇದೆ ಅಂದುಕೊಳ್ಳಿ. ಪ್ಯಾನಲ್ ಹಿಂದಿನ ಚೀಟಿಯಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನೂ ಸಿಕ್ಕಿಸದಿದ್ದಾಗಿನ ವೋಲ್ಟೇಜ್) 24 ಅಂತ ಇದ್ದರೆ, ಎರಡನ್ನು ಒಂದರ ಹಿಂದೊಂದು, ಅಂದರೆ ಸೀರೀಸ್‌ನಲ್ಲಿ ಸೇರಿಸಿದಾಗ 48. ಸರಿ. ಮೂರು ಸೇರಿಸಿದರೆ 72, ಪೆಟ್ಟಿಗೆ ಸುಟ್ಟುಹೋಗಬಹುದು. ಚಳಿಗಾಲದ ಬೆಳಗ್ಗೆ ಪ್ಯಾನಲ್ ವೋಲ್ಟೇಜ್ ಚೀಟಿಗಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಅದಕ್ಕೆ ಮಿತಿಗಿಂತ ಹತ್ತು-ಹದಿನೈದು ಪರ್ಸೆಂಟ್ ಕೆಳಗೇ ಇರಿ.

ಬಿಸಿಲಿನಲ್ಲಿ ಓಡುತ್ತಿರುವಾಗ ಪ್ಯಾನಲ್ ವೈರ್ ಎಳೆದು ಕೀಳಬೇಡಿ, ಡಿಸಿ ಕಿಡಿ ಸುಲಭಕ್ಕೆ ಆರುವುದಿಲ್ಲ. ಪ್ಯಾನಲ್ ಮೇಲೆ ದಪ್ಪ ಕಂಬಳಿ ಮುಚ್ಚಿ, ಆಮೇಲೆ ಬಿಚ್ಚಿ. ಅಶ್ವಿನಿ, ಭರಣಿ ಮಳೆಯ ಗುಡುಗು ಸಿಡಿಲಿಗೆ ಮೊದಲೇ, ಆಕಾಶ ಕಪ್ಪಾದ ಕೂಡಲೇ ವೈರನ್ನು ಪೆಟ್ಟಿಗೆಯಿಂದ ಬಿಡಿಸಿಡುವುದು ಅವ್ವನಿಗೂ ಈಗ ಅಭ್ಯಾಸ ಆಗಿದೆ. ಗುಡುಗು ಶುರುವಾದ ಮೇಲೆ ಮುಟ್ಟಲು ಹೋಗಬೇಡಿ. ಇನ್ನು ಗದ್ದೆ ಇಲಿ. ವೈರನ್ನು ಪಿವಿಸಿ ಪೈಪಿನೊಳಗೆ ಎಳೆಯಿರಿ, ಇಲ್ಲದಿದ್ದರೆ ಒಂದು ತಿಂಗಳೂ ಉಳಿಯುವುದಿಲ್ಲ.

ಐದನೇ ಹೆಜ್ಜೆ: ರಾತ್ರಿಯ ಖರ್ಚನ್ನು ಹಗಲಿಗೆ ತಳ್ಳಿ

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದು. ಇದಕ್ಕೆ ದುಡ್ಡು ಬೇಕಿಲ್ಲ, ನಾಲ್ಕು ಬಾಟಲಿ ನೀರು ಸಾಕು.

ಒಂದು ಕಿಲೋ ಮಂಜುಗಡ್ಡೆ ಕರಗಬೇಕಾದರೆ ಸುತ್ತಲಿನಿಂದ ಸುಮಾರು 93 ವ್ಯಾಟ್-ಅವರ್‌ನಷ್ಟು ಶಾಖ ಹೀರಿಕೊಳ್ಳಬೇಕು. ನಾಲ್ಕು ಲೀಟರ್ ನೀರು ಗಟ್ಟಿಯಾದರೆ 370 ವ್ಯಾಟ್-ಅವರ್ ತಂಪು ಫ್ರೀಜರಿನಲ್ಲಿ ಕೂತಂತೆ. ನಮ್ಮಂಥ ಫ್ರಿಜ್‌ನೊಳಗೆ ಗೋಡೆಯಿಂದ, ರಬ್ಬರಿನಿಂದ ರಾತ್ರಿ ಒಂದು ಗಂಟೆಗೆ ಒಳಬರುವ ಶಾಖ 45-50ರ ಆಸುಪಾಸು. ಅಲ್ಲಿಗೆ ಏಳು ಗಂಟೆ ಕಂಪ್ರೆಸರ್ ಓಡದಿದ್ದರೂ ನಡೆಯುತ್ತದೆ.

ಒಂದು ಲೀಟರಿನ ನಾಲ್ಕು ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ, ಮೇಲೆ ನಾಲ್ಕು ಬೆರಳು ಖಾಲಿ ಬಿಡಿ. ನೀರು ಗಡ್ಡೆಯಾಗುವಾಗ ಹಿಗ್ಗುತ್ತದೆ. ಫ್ರೀಜರಿನಲ್ಲಿ ಮಲಗಿಸಿಡಿ. ಬೆಳಗ್ಗೆ ಹತ್ತಕ್ಕೆ ಬಿಸಿಲು ಹತ್ತಿದಾಗ ಥರ್ಮೋಸ್ಟಾಟನ್ನು ಜಾಸ್ತಿ ತಂಪಿಗೆ ತಿರುಗಿಸಿ. ಮಧ್ಯಾಹ್ನ ಪ್ಯಾನಲ್ಲಿನಿಂದ ಬರುವ ಹೆಚ್ಚುವರಿ ಕರೆಂಟೆಲ್ಲ ಬಾಟಲಿಯಲ್ಲಿ ಗಡ್ಡೆ ಕಟ್ಟುತ್ತದೆ. ನಾಲ್ಕು ಗಂಟೆಗೆ ಮಾಮೂಲಿಗೆ ತನ್ನಿ. ರಾತ್ರಿ ಹತ್ತಕ್ಕೆ ಪೆಟ್ಟಿಗೆಯ ಎಸಿ ಬಟನ್ ಆಫ್. ಬೆಳಗ್ಗೆ ಐದಕ್ಕೆ ಹಾಲು ಕರೆಯಲು ಎದ್ದಾಗ ಆನ್. ಮಧ್ಯೆ ಬಾಗಿಲು ತೆಗೆಯಬೇಡಿ.

ಕರಗಿದ ಬಾಟಲಿಯನ್ನು ಮತ್ತೆ ಗಟ್ಟಿ ಮಾಡಲು ಕಂಪ್ರೆಸರ್ ಓಡಲೇಬೇಕು, ಆ ಖರ್ಚು ತಪ್ಪುವುದಿಲ್ಲ. ಆದರೆ ಅದು ಓಡುವುದು ಬಿಸಿಲಿನ ದುಡ್ಡಿನಲ್ಲಿ, ಬ್ಯಾಟರಿಯ ದುಡ್ಡಿನಲ್ಲಲ್ಲ. ಪೆಟ್ಟಿಗೆ ಏಳು ಗಂಟೆ ತನಗಾಗಿ ತಿನ್ನುತ್ತಿದ್ದ 84 ವ್ಯಾಟ್-ಅವರ್ ಮಾತ್ರ ನಿಜವಾಗಿ ಉಳಿತಾಯ. ಬೆಳಗ್ಗೆ ನಮ್ಮ ಪರದೆಯಲ್ಲಿ ಮೊದಲು 20-25 ಪರ್ಸೆಂಟ್ ಇರುತ್ತಿತ್ತು. ಬಾಟಲಿ ಇಟ್ಟ ಮೇಲೆ 55ಕ್ಕಿಂತ ಕೆಳಗೆ ಇಳಿದದ್ದು ಅಪರೂಪ. ಮೋಡದ ದಿನಕ್ಕೆ ಆ 30 ಪರ್ಸೆಂಟೇ ಆಸರೆ.

ಇದನ್ನು ಕಣ್ಣುಮುಚ್ಚಿ ಮಾಡಬೇಡಿ. ಒಂದು ಥರ್ಮಾಮೀಟರನ್ನು ನೀರಿನ ಲೋಟದಲ್ಲಿ ಮುಳುಗಿಸಿ ನಡುವಿನ ತಟ್ಟೆಯಲ್ಲಿಡಿ. ಗಾಳಿಯ ಲೆಕ್ಕ ಬಾಗಿಲು ತೆಗೆದ ಕೂಡಲೇ ಬದಲಾಗುತ್ತದೆ, ನೀರಿನದು ನಿಜ ಹೇಳುತ್ತದೆ. ಬೆಳಗ್ಗೆ ಐದಕ್ಕೆ 4-5 ಡಿಗ್ರಿಯೊಳಗೆ ಇರಬೇಕು. 7-8 ತೋರಿಸಿದರೆ ಆಫ್ ಮಾಡುವ ಹೊತ್ತನ್ನು ಕಡಿಮೆ ಮಾಡಿ. ಮೊದಲ ವಾರ ಹಾಲು, ಮೀನು-ಮಾಂಸ ಇಡದೆ ಬರೀ ನೀರಿನ ಲೋಟದಲ್ಲಿ ಪರೀಕ್ಷಿಸಿ.

ಇನ್ಸುಲಿನ್ ಇಡುವವರಿಗೆ ವಿಶೇಷ ಎಚ್ಚರ. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು, ಆದರೆ ಒಂದು ಸಲ ಗಡ್ಡೆ ಕಟ್ಟಿದರೆ ಬಿಸಾಡಲೇಬೇಕು. ಥರ್ಮೋಸ್ಟಾಟ್ ಜಾಸ್ತಿ ಮಾಡಿದ ಹೊತ್ತಿನಲ್ಲಿ ಫ್ರೀಜರಿನ ಕೆಳಗಿನ ತಟ್ಟೆ ಸೊನ್ನೆಗೆ ಇಳಿಯಬಹುದು. ಅವ್ವನ ಇನ್ಸುಲಿನ್ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ, ಬಟ್ಟೆ ಸುತ್ತಿ, ತರಕಾರಿ ಡಬ್ಬದ ಮೇಲಿನ ತಟ್ಟೆಯಲ್ಲಿ ಇರುತ್ತದೆ. ಬಾಟಲಿ ಅದರ ಹತ್ತಿರ ಬರಕೂಡದು. ಹಸುವಿನ ಲಸಿಕೆ ತಂದಿಟ್ಟರೂ ಇದೇ ನಿಯಮ.

ಮೋಡ ಮುಚ್ಚಿದಾಗ

ಮಳೆಗಾಲದಲ್ಲಿ ಎರಡು ದಿನ ಸತತ ಮೋಡ ಇದ್ದರೆ ಪೆಟ್ಟಿಗೆಯನ್ನು ಸ್ಕೂಟರಿನಲ್ಲಿ ಊರಿನ ಮನೆಗೆ ತರುತ್ತೇನೆ. ಗೋಡೆ ಸಾಕೆಟ್‌ನಲ್ಲಿ ಎರಡು ಗಂಟೆಯಲ್ಲಿ ತುಂಬುತ್ತದೆ. ಆ ಹೊತ್ತು ಫ್ರಿಜ್ ಬಾಟಲಿಯ ಮೇಲೆ ನಿಲ್ಲುತ್ತದೆ, ಬಾಗಿಲು ಮುಚ್ಚಿದ್ದರೆ ಭಯ ಇಲ್ಲ. ತಂದು ಮತ್ತೆ ಸಿಕ್ಕಿಸುವಾಗ ಒಂದು ವಿಷಯ ನೆನಪಿಡಿ. ಫ್ರಿಜ್ ನಿಂತು ಐದು ನಿಮಿಷ ಆಗುವ ಮೊದಲು ಆನ್ ಮಾಡಬೇಡಿ. ಒಳಗಿನ ಗ್ಯಾಸ್ ಒತ್ತಡ ಇಳಿದಿರುವುದಿಲ್ಲ, ಕಂಪ್ರೆಸರ್ ಹೊರಡಲಾಗದೆ ಮುಲುಗುತ್ತದೆ.

ಪೆಟ್ಟಿಗೆಯನ್ನು ಸೊನ್ನೆಗೆ ಇಳಿಸಿ ಹಾಗೇ ಬಿಡಬೇಡಿ. ಹಬ್ಬಕ್ಕೋ ಜಾತ್ರೆಗೋ ಹೋಗಿ ತಿಂಗಳುಗಟ್ಟಲೆ ಬಳಸುವುದಿಲ್ಲ ಅಂದರೆ ಅರ್ಧದಷ್ಟು ಚಾರ್ಜಿನಲ್ಲಿ ಇಡಿ, ಮೂರು ತಿಂಗಳಿಗೊಮ್ಮೆ ನೋಡಿ. ಮೈ ಉಬ್ಬಿದ್ದು ಕಂಡರೆ, ಸುಟ್ಟ ವಾಸನೆ ಬಂದರೆ ಹೊರಗೆ ಬಯಲಿಗೆ ತಂದಿಡಿ. ಮತ್ತೆ ಚಾರ್ಜ್ ಮಾಡಲು ಹೋಗಬೇಡಿ.

ಎಲ್ಲ ಕೈಕೊಟ್ಟು, ಪೆಟ್ಟಿಗೆಯೂ ಖಾಲಿಯಾಗಿ, ಮಳೆಗೆ ನಾಲೆ ಏರಿಯ ದಾರಿ ಕೆಸರಾಗಿ ಹೋಗಲಾಗದ ದಿನವೂ ಬಂದಿದೆ. ಮುಚ್ಚಿದ ಫ್ರಿಜ್ ಬಾಟಲಿ ಇಲ್ಲದೆಯೂ ನಾಲ್ಕು ಗಂಟೆ ತಡೆಯುತ್ತದೆ. ಆಮೇಲೆ ಮೊದಲು ಮಾಂಸ ಬೇಯಿಸಿಬಿಡಿ. ಹಾಲು ಕಾಯಿಸಿ ಹೆಪ್ಪು ಹಾಕಿ. ದೋಸೆ ಹಿಟ್ಟು ಹುಳಿಯಾಗುತ್ತದೆ ಅಷ್ಟೇ, ಅದನ್ನು ಕೊನೆಗೆ ನೋಡಿದರಾಯಿತು. ಬಳಸುತ್ತಿರುವ ಇನ್ಸುಲಿನ್ ಬಾಟಲಿ 30 ಡಿಗ್ರಿಯೊಳಗೆ ಸಾಮಾನ್ಯವಾಗಿ ನಾಲ್ಕು ವಾರ ತಡೆಯುತ್ತದೆ, ನಿಮ್ಮದರ ಚೀಟಿ ಓದಿಕೊಳ್ಳಿ. ಅದಕ್ಕೆ ಅವ್ವ ಒಂದು ಮಣ್ಣಿನ ಮಡಕೆ ಇಟ್ಟಿದ್ದಾಳೆ. ದೊಡ್ಡ ಮಡಕೆಯಲ್ಲಿ ಮರಳು, ಮರಳಿಗೆ ನೀರು, ನಡುವೆ ಒಂದು ಚಿಕ್ಕ ಕುಡಿಕೆ, ಕುಡಿಕೆಯೊಳಗೆ ಮುಚ್ಚಳ ಬಿಗಿದ ಡಬ್ಬಿ. ಬಾಯಿಗೆ ಒದ್ದೆ ಬಟ್ಟೆ. ಒಣ ಗಾಳಿಯ ಏಪ್ರಿಲ್‌ನಲ್ಲಿ ಒಳಗೆ ಕೈಯಿಟ್ಟರೆ ಬಾವಿ ಮೆಟ್ಟಿಲ ತಂಪು. ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಅದು ಅಷ್ಟು ತಣಿಯುವುದಿಲ್ಲ. ಆದರೆ ಆಗ ಹೊರಗೂ 30 ಡಿಗ್ರಿ ದಾಟುವುದು ಕಡಿಮೆ.